ಗಾಲಿ ಮೇಲಿನ ಮನೆಗೂ ಸೂರು ಬೇಕು

ಶಿರಸಿ ಕಡೆ ಮನೆ ಕಟ್ಟುವವರು ಮೊದಲು ಯೋಚಿಸುವುದೇ ಮಳೆಯನ್ನು. ಟ್ರೇಲರ್ ಮೇಲೆ ಪುಟ್ಟ ಮನೆ ಕಟ್ಟಲು ಹೊರಟಾಗ ನಾನೂ ಅಲ್ಲಿಂದಲೇ ಶುರು ಮಾಡಿದೆ. ಆಗ ನನಗೆ ಮರಗೆಲಸ ಬರುತ್ತಿರಲಿಲ್ಲ, ವೆಲ್ಡಿಂಗಂತೂ ಇಲ್ಲವೇ ಇಲ್ಲ. ಕಬ್ಬಿಣದ ಚೌಕಟ್ಟನ್ನು ಊರಿನ ವೆಲ್ಡರಿಗೆ ಬಿಟ್ಟು ಗೋಡೆ, ಮಾಡು, ಕಿಟಕಿಗೆಲ್ಲ ನಾನೇ ಕೈ ಹಾಕಿದೆ.

ನಾನು ನೋಡಿದ ಹೆಚ್ಚಿನ ನಕ್ಷೆಗಳಲ್ಲಿ ಸೂರೇ, ಅಂದರೆ ಗೋಡೆಯಾಚೆ ಚಾಚುವ ಮಾಡಿನ ಅಂಚೇ ಇರಲಿಲ್ಲ. ಕಾರಣ ಇದೆ. ನಮ್ಮ ಮೋಟಾರು ವಾಹನ ನಿಯಮದ ಪ್ರಕಾರ ಗಾಡಿಯ ಅಗಲ 2.6 ಮೀಟರ್ ದಾಟುವಂತಿಲ್ಲ. ಎಂಟಡಿ ಅಗಲದ ಮನೆ ಕಟ್ಟಿದರೆ ಆಚೆ ಈಚೆ ಎಂಟೆಂಟು ಸೆಂಟಿಮೀಟರ್ ಉಳಿಯುತ್ತದೆ. ಜುಲೈ ತಿಂಗಳ ಗಾಳಿಮಳೆಗೆ ಅದು ಯಾವ ಲೆಕ್ಕ? ಅದಕ್ಕೇ ಮಡಚುವ ಸೂರು ಮಾಡಿದೆ. ಒಂದಿಂಚಿನ ಜಿಐ ಪೈಪಿನ ಚೌಕಟ್ಟು, ಮೇಲೆ ಶೀಟು, ಗೋಡೆಗೆ ಬಿಜಾಗರಿ. ಮನೆ ನಿಂತಾಗ ಎತ್ತಿ ಕೋಲು ಕೊಡುವುದು, ಹೊರಡುವಾಗ ಗೋಡೆಗೆ ಒರಗಿಸಿ ಬಿಗಿಯುವುದು. ಬಿಜಾಗರಿಯ ಸಂದಿಯಲ್ಲಿ ನೀರು ಇಳಿಯಬಾರದಲ್ವಾ? ಮಾಡಿನ ಶೀಟನ್ನು ಮೂರು ನಾಲ್ಕು ಬೆರಳು ಮುಂದೆ ಚಾಚಿದೆ. ಗಾಳಿ ಹೊಡೆಯುವ ಪಡುವಣ ಬದಿಗೆ ಮಳೆಗಾಲದಲ್ಲಿ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತೇನೆ. ನಮ್ಮ ಹಳೇ ಮನೆಗಳಿಗೆ ಕಟ್ಟುವ ಹಾಗೇ.

ಮಾಡಿಗೆ ಮಂಗಳೂರು ಹಂಚು ಹೊದಿಸುವ ಆಸೆ ನನಗೂ ಇತ್ತು. ಲೆಕ್ಕ ಹಾಕಿದೆ. ಒಂದು ಹಂಚು ಎರಡು ಎರಡೂವರೆ ಕೆಜಿ. ಹದಿನೆಂಟು ಅಡಿ ಉದ್ದದ ಮನೆಗೆ ಇನ್ನೂರಕ್ಕಿಂತ ಜಾಸ್ತಿ ಹಂಚು ಬೇಕು. ಅಂದರೆ ಬರೀ ಹಂಚೇ 400 ಕೆಜಿ ದಾಟುತ್ತದೆ. ತೆಳು ಶೀಟಾದರೆ 70 ಕೆಜಿ ಆಸುಪಾಸು. ಹಂಚಿನ ಮಾತು ಅಲ್ಲಿಗೇ ಮುಗಿಯಿತು.

ವೆಲ್ಡರ್ ಒಂದು ಮಾತು ಹೇಳಿದ್ದರು: "ಹೆಗಡೇರೇ, ಭಾರ ಎಷ್ಟಿದೆ ಅನ್ನೋದಷ್ಟೇ ಅಲ್ಲ, ಎಲ್ಲಿ ಕೂತಿದೆ ಅನ್ನೋದೂ ನೋಡ್ಬೇಕು." ಗಾಲಿಗಳು ನಡುವಿಗೆ ಇರುವ ಇಂಥ ಟ್ರೇಲರಿನಲ್ಲಿ ಒಟ್ಟು ತೂಕದ ಶೇಕಡಾ 10ರಿಂದ 15ರಷ್ಟು ಎಳೆಯುವ ಗಾಡಿಗೆ ಸಿಗಿಸುವ ಮುಂದಿನ ಕೊಂಡಿಯ ಮೇಲೆ ಬೀಳಬೇಕು. ಕಡಿಮೆಯಾದರೆ ವೇಗದಲ್ಲಿ ಟ್ರೇಲರಿನ ಹಿಂಭಾಗ ಎಡಬಲ ಓಲಾಡುತ್ತದೆ. ದೇವಿಮನೆ ಘಟ್ಟದ ಇಳಿಜಾರಿನಲ್ಲಿ ಹಾಗಾದರೆ ಯಾರು ಹಿಡಿಯುತ್ತಾರೆ! ವೇ ಬ್ರಿಜ್ಜಿನಲ್ಲಿ ಇದನ್ನು ನೋಡುವುದು ಸುಲಭ. ಟ್ರೇಲರನ್ನು ಬಿಚ್ಚಿ ಪೂರ್ತಿ ತೂಗಿ. ಆಮೇಲೆ ಗಾಲಿ ಮಾತ್ರ ತಟ್ಟೆಯ ಮೇಲಿರಲಿ, ಮುಂದಿನ ಜಾಕಿ ಹೊರಗಿನ ನೆಲದ ಮೇಲಿರಲಿ. ಎರಡರ ವ್ಯತ್ಯಾಸವೇ ಕೊಂಡಿಯ ಭಾರ. ನಾನು ನೀರಿನ ಟ್ಯಾಂಕನ್ನು ಗಾಲಿಗಳ ಮೇಲೇ ಬರುವಂತೆ ಇಟ್ಟೆ. ಲೀಟರಿಗೆ ಒಂದು ಕೆಜಿ, ತುಂಬಿದರೂ ಖಾಲಿಯಾದರೂ ಕೊಂಡಿಯ ಲೆಕ್ಕ ಹೆಚ್ಚು ಕೆಡುವುದಿಲ್ಲ. ಹಾಂ, ಟ್ರೇಲರಿಗೂ ನೋಂದಣಿ ಬೇಕು. ಗರಗಸ ಹಿಡಿಯುವ ಮೊದಲೇ ಆರ್‌ಟಿಒ ಆಫೀಸಿಗೆ ಹೋಗಿ ಬನ್ನಿ.

ಇನ್ನು ಒಳಗಿನ ತೇವ. ಇದರ ಬಗ್ಗೆ ಯಾರೂ ಅಷ್ಟಾಗಿ ಹೇಳುವುದಿಲ್ಲ. ಒಂದು ಕೆಜಿ ಅಡಿಗೆ ಗ್ಯಾಸ್ ಉರಿದರೆ ಒಂದೂವರೆ ಲೀಟರಿಗಿಂತ ಜಾಸ್ತಿ ನೀರು ಆವಿಯಾಗಿ ಹೊರಬರುತ್ತದೆ. ದೊಡ್ಡ ಮನೆಯಲ್ಲಿ ಅದು ಗೊತ್ತೇ ಆಗುವುದಿಲ್ಲ. ಇಷ್ಟು ಪುಟ್ಟ ಮನೆಯಲ್ಲಿ ಅನ್ನದ ಹಬೆ, ನಮ್ಮ ಉಸಿರು, ಒಣಗದ ಬಟ್ಟೆ ಎಲ್ಲ ಸೇರಿ ಪ್ಲೈವುಡ್ಡಿಗೆ ಬೂಷ್ಟು ಹಿಡಿಯುತ್ತದೆ. ಅದಕ್ಕೇ ಪ್ಲೈವುಡ್ಡಿಗೂ ಹೊರಗಿನ ಶೀಟಿಗೂ ನಡುವೆ ಉದ್ದುದ್ದ ರೀಪು ಹೊಡೆದು ಮುಕ್ಕಾಲಿಂಚು ಸಂದಿ ಬಿಟ್ಟೆ. ಕೆಳಗೂ ಮೇಲೂ ತೆರೆದೇ ಇದೆ, ಇಲಿ ಹುಳ ಹೋಗದಂತೆ ಜಾಳಿಗೆ ಮಾತ್ರ. ನೀರು ಒಳಗೆ ಬಂದರೆ ಇಳಿದು ಹೋಗುತ್ತದೆ, ಗಾಳಿ ಮೇಲೇರುತ್ತದೆ. ಎಲ್ಲ ಕಡೆ ಮೊಳೆ ಬಿಟ್ಟು ಸ್ಕ್ರೂ ಹಾಕಿದ್ದೇನೆ. ರಸ್ತೆಯ ಕುಲುಕಾಟಕ್ಕೆ ಮೊಳೆ ನಿಲ್ಲುವುದಿಲ್ಲ. ಕಾರವಾರ, ಕುಮಟಾದಂಥ ಕಡಲ ಬದಿಗೆ ಒಯ್ಯುವವರು ಸ್ಟೇನ್‌ಲೆಸ್ ಸ್ಕ್ರೂವನ್ನೇ ಹಾಕಿ, ಉಪ್ಪುಗಾಳಿ ಸುಮ್ನೆ ಬಿಡುವುದಿಲ್ಲ.

ಮಳೆ ಬಿಟ್ಟ ಮೇಲೆ ಪಡುವಣ ಗೋಡೆಯ ಒಂದು ಶೀಟು ಬಿಚ್ಚಿ ನೋಡಿದೆ. ರೀಪು ಒಣಗಿತ್ತು. ಒಲೆಯ ಹಿಂದಿನ ಮೂಲೆಯಲ್ಲಿ ಮಾತ್ರ ಅಂಗೈಯಗಲ ಬೂಷ್ಟು. ಮುಂದಿನ ಮಳೆಗಾಲದೊಳಗೆ ಅಲ್ಲಿಗೊಂದು ಎಕ್ಸಾಸ್ಟ್ ಫ್ಯಾನ್ ಕೂರಿಸುತ್ತೇನೆ.