ಗೇರ್‌ಬಾಕ್ಸ್ ಬಿಚ್ಚಿ ಕಟ್ಟಿಸಿದ ಮೇಲೆ ಚಾರ್ಮಾಡಿ ಹತ್ತಿದ್ದು

ನನ್ನದು ಸೆಕೆಂಡ್ ಹ್ಯಾಂಡ್ ಕಾರು, 6 ಗೇರಿನ ಆಟೋಮ್ಯಾಟಿಕ್, ಟಾರ್ಕ್ ಕನ್ವರ್ಟರ್ (ಇಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಇರುವಂಥದ್ದು. 1.2 ಲಕ್ಷ ಕಿಲೋಮೀಟರ್ ದಾಟಿದ ಮೇಲೆ 3ರಿಂದ 4ಕ್ಕೆ ಬೀಳುವಾಗ ಜಾರಲು ಶುರುವಾಯಿತು. ಗೇರ್ ಆಯಿಲ್ ತೆಗೆಸಿದರೆ ಕಪ್ಪು ಬಣ್ಣ, ಸುಟ್ಟ ವಾಸನೆ. ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ ಪೂರ್ತಿ ಬಿಚ್ಚಿ ಕ್ಲಚ್ ಪ್ಲೇಟು, ಸೀಲು, ಫಿಲ್ಟರ್ ಎಲ್ಲ ಹೊಸದು ಹಾಕಿಸಿದೆ. ಕನ್ವರ್ಟರ್ ಕೂಡ ಮಾಡಿಸಿಬಿಡೋಣ ಅಂದರು. ನಾನೇ ಬೇಡ ಅಂದೆ, ಖರ್ಚು ಆಗಲೇ ಕೈ ಮೀರಿತ್ತು.

ಊರೊಳಗೆ ಬೆಣ್ಣೆ ಥರ ಓಡುತ್ತಿತ್ತು. ಎರಡು ವಾರ ಬಿಟ್ಟು ಧರ್ಮಸ್ಥಳಕ್ಕೆ ಹೋದೆವು, ವಾಪಸ್ ಬರುವಾಗ ಉಜಿರೆ ದಾಟಿ ಚಾರ್ಮಾಡಿ ಹತ್ತಲು ಶುರು ಮಾಡಿದ ಮೇಲೆ ನೋಡಿ ಅದರ ನಿಜ ಬಣ್ಣ ಗೊತ್ತಾಗಿದ್ದು. ಒಂದು ಕಡಿದಾದ ತಿರುವು ಮುಗಿಸಿ ಕಾಲು ಒತ್ತಿದರೆ ಇಂಜಿನ್ ಸುತ್ತು ತೋರಿಸುವ ಆರ್‌ಪಿಎಂ ಮೀಟರಿನ ಮುಳ್ಳು 2500ರಿಂದ 3500ಕ್ಕೆ ಹಾರಿತು, ಇಂಜಿನ್ ಕೂಗಿತು, ಕಾರು ಮಾತ್ರ ಮುಂದೆ ಹೋಗಲಿಲ್ಲ. ಆಮೇಲೆ ಧಡ್ ಅಂತ ಗೇರ್ ಕಚ್ಚಿಕೊಂಡಿತು. ಪಕ್ಕದಲ್ಲಿದ್ದ ಹೆಂಡತಿ, "ರೀ, ಇದಕ್ಕಾ ಅಷ್ಟು ದುಡ್ಡು ಸುರಿದಿದ್ದು?" ಅಂದಳು. ನನಗೆ ಆ ಬೇಡ ಅಂದ ಕನ್ವರ್ಟರೇ ಕಣ್ಣ ಮುಂದೆ ಬಂತು.

ಅಣ್ಣಪ್ಪ ಸ್ವಾಮಿ ಗುಡಿ ಹತ್ತಿರ ನಿಲ್ಲಿಸಿದೆ. ಮೊಬೈಲಿಗೆ ಜೋಡಿಸುವ ಸಣ್ಣ ಸ್ಕ್ಯಾನರ್ ಇತ್ತು, ಅದರಲ್ಲಿ ಗೇರ್ ಆಯಿಲ್ ಬಿಸಿ 112 ಡಿಗ್ರಿ ತೋರಿಸುತ್ತಿತ್ತು. ಇಂಜಿನ್ ಆಫ್ ಮಾಡಲಿಲ್ಲ, ಪಿ, ಅಂದರೆ ಪಾರ್ಕಿಂಗ್‌ಗೆ ಹಾಕಿ ಹಾಗೇ ಬಿಟ್ಟೆ. ಇಂಜಿನ್ ಓಡುತ್ತಿದ್ದರೆ ತಾನೇ ಪಂಪ್ ಆಯಿಲನ್ನು ಕೂಲರ್‌ಗೆ ತಳ್ಳುವುದು. 90ಕ್ಕೆ ಇಳಿದ ಮೇಲೆ ಮತ್ತೆ ಹೊರಟೆ, ಈ ಸಲ ಬೈದುಕೊಳ್ಳುವುದು ಬಿಟ್ಟು ಮುಳ್ಳಿನ ಮೇಲೇ ಕಣ್ಣಿಟ್ಟೆ.

ಆಗ ಗೊತ್ತಾಯಿತು, ಒಂದೇ ಕಾಯಿಲೆ ಅಂದುಕೊಂಡಿದ್ದು ಮೂರು ಬೇರೆ ಬೇರೆ ಸಂಗತಿ. ತಿರುವಿನಲ್ಲಿ ಮುಳ್ಳು ಸಾವಿರ ಹಾರಿ ಕಾರು ಎಳೆಯದೇ ಇರುವುದು ನಿಜವಾದ ಜಾರಾಟ. ತಿರುವಿಗೆ ಮೊದಲು ಕಾಲು ಎತ್ತಿದಾಗ 3ಕ್ಕೆ ಹೋಗಿ, ಒತ್ತಿದ ತಕ್ಷಣ 2ಕ್ಕೆ ಬರುವುದು ಗೇರ್‌ಬಾಕ್ಸಿನ ಕಂಪ್ಯೂಟರ್ ಬುದ್ಧಿ, ಅದಕ್ಕೇನು ಮುಂದಿನ ತಿರುವು ಕಾಣುತ್ತದಾ? ಮ್ಯಾನುಯಲ್ ಮೋಡಿನಲ್ಲಿ 2ರಲ್ಲಿ ಹಿಡಿದರೆ ಆ ಗೊಂದಲ ಅಲ್ಲೇ ಮುಗಿಯಿತು.

ಮೂರನೆಯದೇ ನನ್ನನ್ನು ಜಾಸ್ತಿ ಹೆದರಿಸಿದ್ದು. ಘಾಟಿ ಮುಗಿದ ಮೇಲೂ ಸಣ್ಣ ಏರುಗಳಲ್ಲಿ ವೇಗ ಒಂದೇ ಇದ್ದರೂ ಮುಳ್ಳು ಒಂದು 300 ಏರುವುದು, ಇಳಿಯುವುದು, ಮತ್ತೆ ಏರುವುದು. ಹಿಂದೆ ಮುಂದೆ ಯಾರೂ ಇಲ್ಲದ ಕಡೆ, ಆಕ್ಸಿಲರೇಟರ್ ಹಾಗೇ ಹಿಡಿದು ಎಡಗಾಲಿನಲ್ಲಿ ಬ್ರೇಕ್ ಪೆಡಲ್ ಸುಮ್ನೆ ಮುಟ್ಟಿದೆ, ಬ್ರೇಕ್ ಲೈಟ್ ಹತ್ತುವಷ್ಟು ಮಾತ್ರ. ಮುಳ್ಳು ಸರಿಯಾಗಿ ಅದೇ 300 ಏರಿತು. ಕನ್ವರ್ಟರ್ ಒಳಗೆ ಇಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರ ಜೋಡಿಸುವ ಲಾಕಪ್ ಕ್ಲಚ್ ಅಂತ ಒಂದಿದೆ, ಬ್ರೇಕ್ ಮುಟ್ಟಿದರೆ ಅದು ಬಿಟ್ಟುಕೊಳ್ಳುತ್ತದೆ. ಅಂದರೆ ಗೇರ್ ಬದಲಾಗುತ್ತಿಲ್ಲ, ಆ ಲಾಕಪ್ ಕ್ಲಚ್ ಬಿಡುತ್ತಿದೆ, ಹಿಡಿಯುತ್ತಿದೆ ಅಷ್ಟೇ. ಹಿಡಿಯುವಾಗ ರಸ್ತೆ ಉಬ್ಬುಪಟ್ಟಿ ಮೇಲೆ ಹೋದ ಹಾಗೆ ಗಡಗಡ ನಡುಗಿದರೆ ಚಿಂತೆ ಮಾಡಬೇಕು. ನನ್ನದು ನಡುಗುತ್ತಿರಲಿಲ್ಲ. ಇದು ಮೊದಲಿನಿಂದಲೂ ಇದ್ದಿರಬೇಕು, ದುಡ್ಡು ಕೊಟ್ಟ ಮೇಲೆ ನನ್ನ ಕಿವಿ ಚುರುಕಾಯಿತು, ಅಲ್ವಾ?

ಹಾಗಾದರೆ ಉಳಿದಿದ್ದು ತಿರುವಿನ ಜಾರಾಟ ಒಂದೇ. ಸಪಾಟು ರಸ್ತೆಯಲ್ಲಿ ಇಲ್ಲ, ಏರಿನ ತಿರುವಲ್ಲಿ ಮಾತ್ರ ಇದೆ. ಕೊಟ್ಟಿಗೆಹಾರದಲ್ಲಿ ನೀರ್ ದೋಸೆ ತಿನ್ನುವಾಗ ಹೊಳೆಯಿತು. ಆಯಿಲ್ ಕಡಿಮೆ ಇದ್ದರೆ ಏರಲ್ಲಿ ಅದು ಹಿಂದಕ್ಕೆ, ತಿರುವಲ್ಲಿ ಪಕ್ಕಕ್ಕೆ ಓಡುತ್ತದೆ, ಪಂಪ್ ಗಾಳಿ ಎಳೆಯುತ್ತದೆ, ಒತ್ತಡ ಬೀಳುತ್ತದೆ, ಕ್ಲಚ್ ಜಾರುತ್ತದೆ.

ಬೆಂಗಳೂರಿಗೆ ಬಂದವನೇ ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ಬಿಸಿ ಗಾಡಿಯನ್ನೇ ಎತ್ತಿ, ಆಯಿಲ್ ಮಟ್ಟ ನೋಡುವ ಲೆವೆಲ್ ಬೋಲ್ಟ್ ಬಿಚ್ಚಲು ಹೊರಟ. "ಅಣ್ಣ, ಬಿಸಿ ಆಯಿಲ್ ಉಬ್ಬಿರುತ್ತೆ, ಕಡಿಮೆ ಇದ್ದರೂ ಹೊರಗೆ ಬರುತ್ತೆ, ಆರಲಿ ಬಿಡಿ" ಅಂದೆ. "ಸಾರ್, ಸಂಜೆ ಆಗುತ್ತೆ." ಆಗಲಿ ಅಂತ ಕೂತೆ. ಸಂಜೆ ಗಾಡಿ ಮಟ್ಟವಾಗಿ ಎತ್ತಿ, ಇಂಜಿನ್ ಓಡಿಸಿ, ಪಿ ಯಿಂದ ಡಿ ವರೆಗೆ ಎಲ್ಲ ಗೇರಿಗೂ ಒಮ್ಮೆ ಹಾಕಿ, ಆಯಿಲ್ 40 ಡಿಗ್ರಿ ಇದ್ದಾಗ ಬೋಲ್ಟ್ ಬಿಚ್ಚಿದರೆ ಒಂದು ಹನಿಯೂ ಬೀಳಲಿಲ್ಲ. ಸಣ್ಣ ದಾರದ ಹಾಗೆ ಸುರಿಯಬೇಕಿತ್ತು. ಮೊದಲ ಸಲ ಇಂಜಿನ್ ಆಫ್ ಇದ್ದಾಗ ತುಂಬಿಸಿದ್ದರಂತೆ. ಆಗ ಕನ್ವರ್ಟರ್‌ಗೆ, ಕೂಲರ್‌ಗೆ ಹೋಗಬೇಕಾದ ಆಯಿಲೂ ಕೆಳಗೇ ನಿಂತಿರುತ್ತದೆ, ತುಂಬಿತು ಅನಿಸುತ್ತದೆ. ಸುಮಾರು 800 ಎಂಎಲ್ ಹಿಡಿಯಿತು.

ಜೊತೆಗೆ ಸವೆದ ಹಳೇ ಪ್ಲೇಟುಗಳಿಗೆ ಕಂಪ್ಯೂಟರ್ ಕಲಿತಿದ್ದ ಲೆಕ್ಕವನ್ನು ಸ್ಕ್ಯಾನರಿನಿಂದ ಅಳಿಸಿದರು. ಇದನ್ನೂ ಮೊದಲು ಮಾಡಿರಲಿಲ್ಲ. ಎರಡು ದಿನ ಕುಣಿಗಲ್ ರಸ್ತೆಯಲ್ಲಿ ಕಾಲು ಹಗುರ ಇಟ್ಟು, ನಿಂತು, ಹೊರಟು, ಒಂದೊಂದು ಗೇರೂ ಹಲವು ಸಲ ಬೀಳುವ ಹಾಗೆ ಓಡಿಸಿದೆ. ಮೊದಲ ದಿನ ಸ್ವಲ್ಪ ಒದೆಯುತ್ತಿತ್ತು, ಎರಡನೇ ದಿನ ಮಧ್ಯಾಹ್ನಕ್ಕೆ ನಿಂತಿತು.

ಮುಂದಿನ ತಿಂಗಳು ಮತ್ತೆ ಚಾರ್ಮಾಡಿ. 2ರಲ್ಲಿ ಹಿಡಿದು ಹತ್ತಿಸಿದೆ. ಎಲ್ಲೂ ಜಾರಲಿಲ್ಲ, ಆಯಿಲ್ 96 ಡಿಗ್ರಿ ದಾಟಲಿಲ್ಲ. ಆ 300ರ ಏರಿಳಿತ ಮಾತ್ರ ಈಗಲೂ ಇದೆ. ಹೆಂಡತಿ ಕೇಳಿದರೆ ಲಾಕಪ್ ಅಂತೀನಿ, ಅವಳು ಕಿಟಕಿ ಕಡೆ ನೋಡ್ತಾಳೆ.