ನಡುವಿನ ಕೆಲಸ ಯಂತ್ರದ್ದು, ಎರಡು ತುದಿ ನನ್ನವು

ಮೈಸೂರಿನಲ್ಲಿ ಕೂತು ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡಿ ಜೀವನ ನಡೆಸುವವರಲ್ಲಿ ನಾನೂ ಒಬ್ಬಳು. ಕಥೆ, ಕವಿತೆಯ ಅನುವಾದ ನನ್ನದಲ್ಲ. ಬ್ಯಾಂಕಿನ ಅರ್ಜಿ, ಆಸ್ಪತ್ರೆಯ ಒಪ್ಪಿಗೆ ಪತ್ರ, ರೈತರಿಗೆ ಹಂಚುವ ಕರಪತ್ರ, ಮೊಬೈಲ್ ಆ್ಯಪ್‌ನಲ್ಲಿ ಬರುವ ಸಾಲುಗಳು, ಇಂಥವು. ಅನುವಾದ ಮಾಡಿದವರ ಹೆಸರು ಇವುಗಳಲ್ಲಿ ಎಲ್ಲೂ ಇರುವುದಿಲ್ಲ. ಆದರೆ ಇವನ್ನು ಓದಿಯೇ ಜನ ಸಹಿ ಹಾಕುತ್ತಾರೆ, ಮಾತ್ರೆ ನುಂಗುತ್ತಾರೆ, ಗದ್ದೆಗೆ ಔಷಧಿ ಹೊಡೆಯುತ್ತಾರೆ.

ಯಂತ್ರಾನುವಾದ ಬಂದ ಮೇಲೆ ಈ ಕಸುಬು ಏನಾಯಿತು ಅಂತ ತುಂಬ ಜನ ಕೇಳುತ್ತಾರೆ. ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ ಓದುವ ಹುಡುಗರು, ಹುಡುಗಿಯರು ಇನ್ನೂ ಆತಂಕದಿಂದ ಕೇಳುತ್ತಾರೆ. ಕೆಲಸವೇ ಮುಗಿಯಿತು ಅನ್ನುವ ಮಾತು ನಿಜವಲ್ಲ. ಏನೂ ಬದಲಾಗಿಲ್ಲ ಅನ್ನುವುದೂ ನಿಜವಲ್ಲ. ನನ್ನ ಮಟ್ಟಿಗೆ ಆಗಿದ್ದು ಇಷ್ಟು. ಒಂದು ವಾಕ್ಯ ಓದಿ ಇನ್ನೊಂದು ವಾಕ್ಯ ಬರೆಯುವ ನಡುವಿನ ಕೆಲಸವನ್ನು ಯಂತ್ರ ಬಹುಪಾಲು ತೆಗೆದುಕೊಂಡಿತು. ಅದಕ್ಕೆ ಮುಂಚಿನ ಕೆಲಸ, ಅದರ ನಂತರದ ಕೆಲಸ ನನಗೆ ಉಳಿದವು. ಮೊದಲು ಈ ಎರಡಕ್ಕೂ ಯಾರೂ ದುಡ್ಡು ಕೊಡುತ್ತಿರಲಿಲ್ಲ. ಈಗ ನನ್ನ ಸಂಪಾದನೆಯ ದೊಡ್ಡ ಪಾಲು ಅವುಗಳಿಂದಲೇ ಬರುತ್ತದೆ.

ಮೊದಲು ಬದಲಾಗಿದ್ದು ಅಕ್ಷರ. ನಾನು ಶುರು ಮಾಡಿದಾಗ ‘ನುಡಿ’, ‘ಬರಹ’ ಅನ್ನುವ ಕನ್ನಡ ತಂತ್ರಾಂಶಗಳಲ್ಲಿ ಟೈಪ್ ಮಾಡಿ, ಫಾಂಟನ್ನೂ ಜೊತೆಗಿಟ್ಟು ಫೈಲ್ ಕಳಿಸುತ್ತಿದ್ದೆವು. ಆ ಹಳೆಯ ಫಾಂಟುಗಳಲ್ಲಿ ಕನ್ನಡ ಅಕ್ಷರದ ತುಂಡುಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಜಾಗದಲ್ಲಿ ಕೂತಿರುತ್ತಿದ್ದವು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ತಲೆಬುಡ ತಿಳಿಯದ ಇಂಗ್ಲಿಷ್ ಅಕ್ಷರಗಳ ಸಾಲು. ಪ್ರಿಂಟ್ ಹಾಕಲು ಅಷ್ಟು ಸಾಕಿತ್ತು. ಹುಡುಕಲು, ಹೋಲಿಸಲು, ಅನುವಾದದ ಸಾಫ್ಟ್‌ವೇರಿಗೆ ಕೊಡಲು ಆಗುತ್ತಿರಲಿಲ್ಲ. ಹಾಗಾಗಿ ಹಳೆಯ ಫೈಲುಗಳನ್ನೆಲ್ಲ ಯೂನಿಕೋಡ್‌ಗೆ, ಅಂದರೆ ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತ ಇರುವ ಪದ್ಧತಿಗೆ, ಬದಲಾಯಿಸಿದೆ. ಬದಲಾಯಿಸುವ ತಂತ್ರಾಂಶ ಇತ್ತು, ನಿಜ. ಆದರೆ ಫೈಲಿನ ಒಳಗೆ ನಿಜವಾಗಿಯೂ ಇಂಗ್ಲಿಷ್‌ನಲ್ಲೇ ಇದ್ದ ಔಷಧಿಯ ಹೆಸರು, ಕಂಪನಿಯ ಹೆಸರು ಕೂಡ ಅರ್ಥವಿಲ್ಲದ ಕನ್ನಡವಾಗಿ ಬಿಡುತ್ತಿದ್ದವು. ಅರ್ಕಾವತ್ತು ಎಲ್ಲೆಲ್ಲೋ ಹೋಗಿ ಕೂರುತ್ತಿತ್ತು. ಪುಟಪುಟ ನೋಡಿ ಸರಿ ಮಾಡಿದೆ. ಒಂದು ಬೇಸಿಗೆ ಪೂರ್ತಿ ಅದಕ್ಕೇ ಹೋಯಿತು.

ಆ ಶ್ರಮ ಆಮೇಲೆ ಕೈ ಹಿಡಿಯಿತು. ಟ್ರಾಡೋಸ್, ಮೆಮೊಕ್ಯೂ ಥರದ ಸಾಫ್ಟ್‌ವೇರುಗಳು ಪ್ರತಿ ಇಂಗ್ಲಿಷ್ ವಾಕ್ಯವನ್ನೂ ಅದರ ಕನ್ನಡವನ್ನೂ ಜೋಡಿ ಮಾಡಿ ಇಟ್ಟುಕೊಳ್ಳುತ್ತವೆ. ಅಂಥದೇ ವಾಕ್ಯ ಮತ್ತೆ ಬಂದರೆ ಹಳೆಯದನ್ನು ಎದುರಿಗೆ ತಂದಿಡುತ್ತವೆ. ಖರ್ಚು ಬೇಡ ಅನ್ನುವವರಿಗೆ ಒಮೆಗಾಟಿ ಉಚಿತವಾಗಿ ಸಿಗುತ್ತದೆ, ನಾನು ಕಲಿತದ್ದೂ ಅದರಲ್ಲೇ. ಕನ್ನಡಕ್ಕೆ ಇವುಗಳಲ್ಲಿ ಒಂದು ತೊಡಕು ಇದೆ. ಪದಪಟ್ಟಿಯಲ್ಲಿ ‘ಕಬ್ಬು’ ಅಂತ ಹಾಕಿ, ವಾಕ್ಯದಲ್ಲಿ ‘ಕಬ್ಬಿನ’ ಅಂತ ಬರೆದರೆ ತಪ್ಪು ಅಂತ ಕೆಂಪು ಗುರುತು ಬರುತ್ತದೆ. ನಮ್ಮ ವಿಭಕ್ತಿ ಅದಕ್ಕೆ ಗೊತ್ತಿಲ್ಲ. ಪದದ ಬದಲಾಗದ ಭಾಗವನ್ನು ಮಾತ್ರ ಕೊಟ್ಟು, ಉಳಿದದ್ದು ಬದಲಾಗಬಹುದು ಅಂತ ಗುರುತು ಹಾಕುವ ಸೌಲಭ್ಯ ಕೆಲವದರಲ್ಲಿದೆ. ಅದನ್ನು ಹಾಕಿಕೊಳ್ಳದಿದ್ದರೆ ಸುಳ್ಳು ಎಚ್ಚರಿಕೆಗಳ ಮಧ್ಯೆ ನಿಜವಾದ ತಪ್ಪು ಕಣ್ಣಿಗೆ ಬೀಳುವುದಿಲ್ಲ.

ಗೂಗಲ್ ಅನುವಾದಕ್ಕೆ ಕನ್ನಡ ಸೇರಿದ್ದು 2011ರಲ್ಲಿ. ಆಗಿನ ಕನ್ನಡ ಓದಿದ ಕೂಡಲೇ ಯಂತ್ರದ್ದು ಅಂತ ಗೊತ್ತಾಗುತ್ತಿತ್ತು. ಕ್ರಿಯಾಪದ ಎಲ್ಲೋ, ಕರ್ತೃ ಎಲ್ಲೋ. 2017ರಲ್ಲಿ, ತುಂಡುತುಂಡಾಗಿ ಅಲ್ಲದೆ ಇಡೀ ವಾಕ್ಯವನ್ನು ಒಟ್ಟಿಗೆ ನೋಡಿ ಅನುವಾದಿಸುವ ನ್ಯೂರಲ್ ಪದ್ಧತಿ ಕನ್ನಡಕ್ಕೂ ಬಂತು, ವಾಕ್ಯ ಸರಾಗವಾಯಿತು. 2022ರಲ್ಲಿ ಕೇಂದ್ರ ಸರ್ಕಾರದ ಅನುವಾದ ವೇದಿಕೆ ಭಾಷಿಣಿ ಬಂತು. ಅದೇ ವರ್ಷದ ಕೊನೆಗೆ ಚಾಟ್‌ಜಿಪಿಟಿ ಬಂತು. ಕಷ್ಟ ಜಾಸ್ತಿಯಾಗಿದ್ದು ಈ ಸರಾಗದಿಂದಲೇ. ಮೊದಲು ತಪ್ಪು ವಾಕ್ಯ ಮುರಿದೇ ಬರುತ್ತಿತ್ತು, ತಾನೇ ಕಾಣುತ್ತಿತ್ತು. ಈಗ ತಪ್ಪು ಅರ್ಥವೂ ನುಣುಪಾದ ಕನ್ನಡದಲ್ಲಿ ಬರುತ್ತದೆ. ಹೊರತು, ಮಾತ್ರ, ಬಾರದು ಇಂಥ ಕಡೆ ಅರ್ಥ ತಿರುಗಿ ನಿಂತಿರುತ್ತದೆ. ಮೇಲಿನ ವಾಕ್ಯದಲ್ಲಿ ರೋಗಿಗೆ ‘ನೀವು’, ಕೆಳಗಿನದರಲ್ಲಿ ‘ನೀನು’. ಉದ್ದ ಪ್ಯಾರಾ ಇದ್ದರೆ ಒಂದು ವಾಕ್ಯ ಸುಮ್ನೆ ಮಾಯವಾಗಿರುತ್ತದೆ.

ಹಾಗಾಗಿ ನಾನು ಓದುವ ಕ್ರಮವನ್ನೇ ಬದಲಾಯಿಸಿದೆ. ಯಂತ್ರದ ಕನ್ನಡ ನೋಡುವ ಮೊದಲು ಇಂಗ್ಲಿಷ್ ಮೂಲವನ್ನು ಪೂರ್ತಿ ಓದುತ್ತೇನೆ. ಅಂಕಿಗಳು, ಇಲ್ಲ–ಬಾರದು ಅನ್ನುವ ಮಾತುಗಳು, ಯಾರು ಯಾರಿಗೆ ಏನು ಮಾಡಬೇಕು ಅನ್ನುವುದು, ಇವಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕುತ್ತೇನೆ. ಆಮೇಲೆ ಕನ್ನಡವನ್ನು ಮೂಲ ನೋಡದೆ ಗಟ್ಟಿಯಾಗಿ ಓದುತ್ತೇನೆ. ಕೊನೆಗೆ ಎರಡನ್ನೂ ಪಕ್ಕದಲ್ಲಿಟ್ಟು ಹೋಲಿಸುತ್ತೇನೆ. ಯಂತ್ರದ ವಾಕ್ಯವನ್ನೇ ಮೊದಲು ಓದಿದರೆ ಮನಸ್ಸು ಅದಕ್ಕೇ ಒಗ್ಗಿಕೊಳ್ಳುತ್ತದೆ. ಆಮೇಲೆ ಬೇರೆ ಥರ ಯೋಚಿಸುವುದು ಬಹಳ ಕಷ್ಟ.

ದುಡ್ಡಿನ ಮಾತು ಇಲ್ಲಿ ಹೇಳಲೇಬೇಕು. ನಮಗೆ ಸಂಬಳ ಪದದ ಲೆಕ್ಕದಲ್ಲಿ. ನಮಗೆ ಕೆಲಸ ಕೊಡುವ ಒಂದು ಅನುವಾದ ಏಜೆನ್ಸಿಯವರು, ಇನ್ನು ಮುಂದೆ ಯಂತ್ರದ ಅನುವಾದ ತಿದ್ದಿದರೆ ಸಾಕು, ದರ ಅರ್ಧ ಅಂದರು. ನಾನು ಆಗಲ್ಲ ಅನ್ನಲಿಲ್ಲ, ಸರಿ ಅಂತಲೂ ಅನ್ನಲಿಲ್ಲ. ಅವರ ಬೇರೆ ಬೇರೆ ಬಗೆಯ ಬರಹಗಳಿಂದ ಒಂದೊಂದು ಪುಟ ತರಿಸಿಕೊಂಡೆ. ಗಡಿಯಾರ ಇಟ್ಟುಕೊಂಡು ತಿದ್ದಿದೆ. ಬ್ಯಾಂಕಿನ ಷರತ್ತುಗಳಲ್ಲಿ ಸಮಯ ನಿಜಕ್ಕೂ ಉಳಿಯಿತು. ಆಸ್ಪತ್ರೆಯ ಬರಹದಲ್ಲಿ ಹೊಸದಾಗಿ ಬರೆಯುವುದಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು. ಆ ಲೆಕ್ಕವನ್ನು ಹಾಗೇ ಅವರ ಮುಂದಿಟ್ಟೆ. ಬ್ಯಾಂಕಿನದಕ್ಕೆ ಕಡಿಮೆ ದರ, ಉಳಿದದ್ದಕ್ಕೆ ಗಂಟೆಯ ಲೆಕ್ಕ ಅಂತ ಒಪ್ಪಂದವಾಯಿತು. ಎಲ್ಲ ಬರಹಕ್ಕೂ ಒಂದೇ ಅರ್ಧ ದರ ಅನ್ನುವುದನ್ನು ಯಾರೂ ಒಪ್ಪಬಾರದು. ಅದು ಅನುವಾದಕರಿಗೂ ಅನ್ಯಾಯ, ಓದುವವರಿಗೂ ಅನ್ಯಾಯ. ತಿದ್ದುವ ಕೆಲಸಕ್ಕೆ 2017ರಲ್ಲಿ ಐಎಸ್‌ಒ 18587 ಅಂತ ಪ್ರತ್ಯೇಕ ಅಂತರರಾಷ್ಟ್ರೀಯ ಮಾನದಂಡವೇ ಬಂದಿದೆ. ಅದಕ್ಕೂ ಮುಂಚೆ 2015ರಲ್ಲಿ ಬಂದ ಐಎಸ್‌ಒ 17100 ಪ್ರಕಾರ, ಒಬ್ಬರು ಮಾಡಿದ ಅನುವಾದವನ್ನು ಇನ್ನೊಬ್ಬರು ಮೂಲದ ಜೊತೆ ಹೋಲಿಸಿ ನೋಡಲೇಬೇಕು. ದರದ ಮಾತು ಬಂದಾಗ ಇವೆರಡನ್ನೂ ಪ್ರಸ್ತಾಪಿಸುತ್ತೇನೆ. ಎದುರಿನವರ ಧಾಟಿ ಬದಲಾಗುತ್ತದೆ.

ಈಗ ನಾನು ಹೆಚ್ಚು ಮಾಡುವುದು ಆರೋಗ್ಯಕ್ಕೆ ಸಂಬಂಧಿಸಿದ ಕೆಲಸ. ಹೊಸ ಔಷಧಿಯ ಪ್ರಯೋಗಕ್ಕೆ ಸೇರುವವರ ಒಪ್ಪಿಗೆ ಪಡೆಯುವ ಪತ್ರ ಅವರಿಗೆ ಅರ್ಥವಾಗುವ ಸರಳ ಭಾಷೆಯಲ್ಲಿರಬೇಕು ಅಂತ 2019ರ ಹೊಸ ಔಷಧಿ ಮತ್ತು ಕ್ಲಿನಿಕಲ್ ಟ್ರಯಲ್ಸ್ ನಿಯಮಗಳು ಹೇಳುತ್ತವೆ. ಓದು ಬಾರದವರಾದರೆ ಪ್ರಯೋಗಕ್ಕೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರ ಎದುರಿಗೆ ಅದನ್ನು ಓದಿ ಹೇಳಬೇಕು. ಅಂದರೆ ನಾನು ಬರೆದದ್ದು ಕಿವಿಗೆ ಬೀಳುವ ಮಾತು. ಇಪ್ಪತ್ತು ಪದದ ವಾಕ್ಯ ಕಣ್ಣಿಗೆ ಸರಿ, ಕಿವಿಗೆ ಆಗಲ್ಲ. ಯಂತ್ರ ಇಂಗ್ಲಿಷಿನ ಒಂದು ವಾಕ್ಯಕ್ಕೆ ಕನ್ನಡದ ಒಂದು ವಾಕ್ಯ ಕೊಡುತ್ತದೆ. ನಾನು ಅದನ್ನು ಮೂರು ಮಾಡುತ್ತೇನೆ. ಉದಾಹರಣೆಗೆ, ಪ್ರಯೋಗದಲ್ಲಿ ಯಾರಿಗೆ ಯಾವ ಔಷಧಿ ಅನ್ನುವುದನ್ನು ವೈದ್ಯರು ಆರಿಸುವುದಿಲ್ಲ, ಚೀಟಿ ಎತ್ತಿದ ಹಾಗೆ ತೀರ್ಮಾನವಾಗುತ್ತದೆ ಅಂತ ಬರೆದರೆ ಎಲ್ಲರಿಗೂ ತಿಳಿಯುತ್ತದೆ.

ಮುಂಚಿನ ತುದಿಯ ಕೆಲಸ ಅಂದೆನಲ್ಲ, ಅದು ಇಲ್ಲಿ ಬರುತ್ತದೆ. ‘ತೊಂದರೆ ಕಂಡರೆ ಕೂಡಲೇ ತಿಳಿಸಬೇಕು’ ಅನ್ನುವ ಅರ್ಥದ ಸಾಲು ಮೂಲದಲ್ಲಿ ಇರುತ್ತದೆ. ಯಾರು, ಯಾರಿಗೆ, ರಾತ್ರಿಯಾದರೆ ಯಾವ ನಂಬರಿಗೆ ಅನ್ನುವುದು ಇರುವುದಿಲ್ಲ. ಇಂಥವನ್ನೆಲ್ಲ ಪಟ್ಟಿ ಮಾಡಿ, ಅನುವಾದ ಶುರು ಮಾಡುವ ಮೊದಲೇ ಕಳಿಸುತ್ತೇನೆ. ಕೆಲವರಿಗೆ ಮೊದಮೊದಲು ಕಿರಿಕಿರಿ. ಆಮೇಲೆ ಇಂಗ್ಲಿಷ್ ಮೂಲವನ್ನೇ ತಿದ್ದಿ ಕಳಿಸಿದವರಿದ್ದಾರೆ. ಹಾಗೆ ತಿದ್ದಿದ್ದು ತಮಿಳು, ತೆಲುಗು ಅನುವಾದಕ್ಕೂ ಅನುಕೂಲವಾಗುತ್ತದೆ. ಇದರಲ್ಲಿ ನನಗೆ ತುಂಬ ಸಂತೋಷ ಇದೆ.

ನಂತರದ ತುದಿ ಇನ್ನೂ ದೊಡ್ಡದು. ನೋವು, ನಿದ್ದೆ, ಓಡಾಟ, ಮನಸ್ಸಿನ ಸ್ಥಿತಿ ಇವುಗಳ ಬಗ್ಗೆ ರೋಗಿಗಳನ್ನು ಕೇಳುವ ಪ್ರಶ್ನಾವಳಿಗಳು ಬರುತ್ತವೆ. ಇವನ್ನು ಇಬ್ಬರು ಬೇರೆ ಬೇರೆಯಾಗಿ ಕನ್ನಡಕ್ಕೆ ತರುತ್ತಾರೆ. ಎರಡನ್ನೂ ಕೂಡಿಸಿ ಒಂದು ಮಾಡಲಾಗುತ್ತದೆ. ಮೂಲ ನೋಡದ ಮೂರನೆಯವರು ಅದನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸುತ್ತಾರೆ. ಅಷ್ಟಾದ ಮೇಲೆ ಸಾಮಾನ್ಯವಾಗಿ 5ರಿಂದ 8 ಜನರನ್ನು ಕೂರಿಸಿಕೊಂಡು, ಒಂದೊಂದು ಪ್ರಶ್ನೆಯನ್ನೂ ನೀವು ಹೇಗೆ ಅರ್ಥ ಮಾಡಿಕೊಂಡಿರಿ ಅಂತ ಕೇಳಬೇಕು. ಈ ಕೊನೆಯ ಹಂತವನ್ನು ನಾನು ಮೈಸೂರಿನಲ್ಲೂ ಮಾಡುತ್ತೇನೆ, ಮಂಡ್ಯದಲ್ಲೂ ಮಾಡುತ್ತೇನೆ. ಎರಡು ಊರಿನ ಮಧ್ಯೆ ಒಂದು ಗಂಟೆಯ ದಾರಿ. ಉತ್ತರಗಳು ಮಾತ್ರ ಬೇರೆ ಬೇರೆ.

ಉತ್ತರದ ಆಯ್ಕೆಗಳನ್ನೇ ನೋಡಿ. ಸ್ವಲ್ಪವೂ ಇಲ್ಲ, ಸ್ವಲ್ಪ, ಸುಮಾರಾಗಿ, ಜಾಸ್ತಿ, ತುಂಬಾ ಅಂತ ಐದು ಮೆಟ್ಟಿಲು. ಕಾಗದದ ಮೇಲೆ ಚೆನ್ನಾಗಿದೆ. ಈ ಐದನ್ನೂ ಚೀಟಿಗಳ ಮೇಲೆ ಬರೆದು, ಕಲಸಿ, ಕಡಿಮೆಯಿಂದ ಹೆಚ್ಚಿಗೆ ಜೋಡಿಸಿ ಅಂತ ಕೊಡುತ್ತೇನೆ. ಕೆಲವರು ‘ತುಂಬಾ’ದ ಮೇಲೆ ‘ಜಾಸ್ತಿ’ ಇಡುತ್ತಾರೆ, ಕೆಲವರು ಕೆಳಗೆ. ಮಂಡ್ಯದ ಹೆಂಗಸೊಬ್ಬರು ಎರಡನ್ನೂ ಪಕ್ಕಪಕ್ಕ ಇಟ್ಟು, “ಎಲ್ಡೂ ಒಂದೇ ಅಲ್ವೇನವ್ವ? ಶ್ಯಾನೆ ನೋವು ಅಂದ್ರೆ ಶ್ಯಾನೆ ನೋವು” ಅಂದರು. ಅವರು ಹೇಳಿದ್ದು ಸರಿ. ಹೀಗಿರುವಾಗ ಆ ಪ್ರಶ್ನೆಗೆ ಬಂದ ಉತ್ತರಗಳಿಗೆ ಅಂಕ ಕೊಟ್ಟರೆ ಅಂಕವೇ ಸುಳ್ಳಾಗುತ್ತದೆ. ಕೊನೆಗೆ ಪದಗಳನ್ನು ಬದಲಾಯಿಸಿ, ಮತ್ತೆ ಜೋಡಿಸಲು ಕೊಟ್ಟು, ಎಲ್ಲರೂ ಒಂದೇ ಕ್ರಮದಲ್ಲಿ ಇಟ್ಟ ಮೇಲೆ ಮುಂದೆ ಹೋದೆವು.

ಇನ್ನು ಕೆಲವು ಪ್ರಶ್ನೆಗಳು ಬೇರೆ ದೇಶದ ಬದುಕನ್ನು ಇಟ್ಟುಕೊಂಡು ಹುಟ್ಟಿದವು. ಗಾಲ್ಫ್ ಆಡಲು ಕಷ್ಟವಾಗುತ್ತದೆಯೇ, ವ್ಯಾಕ್ಯೂಮ್ ಕ್ಲೀನರ್ ತಳ್ಳಲು ಕಷ್ಟವೇ ಅಂತ ಕೇಳುತ್ತವೆ. ಯಂತ್ರ ಇವನ್ನು ತಪ್ಪಿಲ್ಲದೆ ಅನುವಾದಿಸುತ್ತದೆ. ಆದರೆ ಮದ್ದೂರಿನ ಪಕ್ಕದ ಹಳ್ಳಿಯ ಅಜ್ಜಿ ಏನಂತ ಉತ್ತರ ಕೊಡಬೇಕು? ಅಷ್ಟೇ ಶ್ರಮ ಬೇಡುವ ನಮ್ಮ ಕಡೆಯ ಕೆಲಸ ಯಾವುದು ಅಂತ ಹುಡುಕಬೇಕು. ನೀರಿನ ಕೊಡ ಎತ್ತುವುದೇ, ಅಂಗಳ ಗುಡಿಸುವುದೇ ಅಂತ ಜನರನ್ನೇ ಕೇಳಬೇಕು. ನನ್ನಷ್ಟಕ್ಕೆ ನಾನೇ ಬದಲಾಯಿಸುವ ಹಾಗಿಲ್ಲ. ಪ್ರಶ್ನಾವಳಿ ತಯಾರಿಸಿದವರಿಗೆ ಕಾರಣ ಬರೆದು ಒಪ್ಪಿಗೆ ಪಡೆಯಬೇಕು. ಆ ಕಾರಣ ಬರೆಯುವುದೂ ಈಗ ಅನುವಾದಕರ ಕೆಲಸವೇ.

ಪದಗಳ ವಿಷಯದಲ್ಲಿ ಮೈಸೂರಿನಲ್ಲಿರುವುದು ನನ್ನ ಪುಣ್ಯ. 1969ರಿಂದ ಭಾರತೀಯ ಭಾಷಾ ಸಂಸ್ಥಾನ ಇಲ್ಲೇ ಇದೆ. ರಾಷ್ಟ್ರೀಯ ಅನುವಾದ ಮಿಷನ್ ನಡೆಯುವುದೂ ಅಲ್ಲಿಂದಲೇ. ಪಠ್ಯಪುಸ್ತಕದ ಅನುವಾದಕ್ಕೆ ಬೇಕಾದ ಪಾರಿಭಾಷಿಕ ಪದಗಳ ಮೇಲೆ ಅಲ್ಲಿ ದೊಡ್ಡ ಕೆಲಸ ಆಗಿದೆ. ಆದರೆ ತರಗತಿಯ ಪದ ಬೇರೆ, ಹೊಲದ ಪದ ಬೇರೆ. ಎರಡರಲ್ಲಿ ಯಾವುದು ಎಲ್ಲಿಗೆ ಅನ್ನುವ ತೀರ್ಮಾನ ನಾನು ಮಾಡಬೇಕು.

ಗುಟ್ಟಿನ ವಿಷಯವೂ ಒಂದಿದೆ. ಗಿರಾಕಿಯ ಫೈಲನ್ನು ಬಿಟ್ಟಿ ಸಿಗುವ ಆನ್‌ಲೈನ್ ಅನುವಾದಕ್ಕೆ ನಾನು ಹಾಕುವುದಿಲ್ಲ. ರೋಗಿಗಳ ವಿವರ, ಇನ್ನೂ ಹೊರಗೆ ಬಾರದ ಔಷಧಿಯ ಮಾಹಿತಿ ಅದರಲ್ಲಿರುತ್ತದೆ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ ಬಂದ ಮೇಲೆ ಗಿರಾಕಿಗಳೂ ಇದನ್ನು ಕೇಳಿ ತಿಳಿದುಕೊಳ್ಳುತ್ತಾರೆ. ಯಂತ್ರ ಬೇಕೇ ಬೇಕು ಅಂದಾಗ, ಐಐಟಿ ಮದ್ರಾಸಿನ ಎಐಫಾರ್‌ಭಾರತ್ ತಂಡ 2023ರಲ್ಲಿ ಬಿಡುಗಡೆ ಮಾಡಿದ ಇಂಡಿಕ್‌ಟ್ರಾನ್ಸ್2 ಅನ್ನುವ ಅನುವಾದ ಯಂತ್ರವನ್ನು ನನ್ನ ಕಂಪ್ಯೂಟರಿನಲ್ಲೇ ಓಡಿಸುತ್ತೇನೆ. ಅದು ಎಲ್ಲರಿಗೂ ಮುಕ್ತವಾಗಿದೆ. ಫೈಲ್ ಮನೆ ಬಿಟ್ಟು ಹೊರಗೆ ಹೋಗುವುದಿಲ್ಲ.

ಕೃಷಿಯ ಕೆಲಸಕ್ಕೆ ನನ್ನ ಮೊದಲ ಓದುಗರು ಮಂಡ್ಯದ ಕಡೆಯ ನಮ್ಮ ಚಿಕ್ಕಪ್ಪ. ಕಬ್ಬು, ಭತ್ತ ಎರಡೂ ಬೆಳೆಯುತ್ತಾರೆ. ಹೆಕ್ಟೇರಿಗೆ ಇಷ್ಟು ಮಿಲಿಲೀಟರ್ ಅಂತ ಇದ್ದ ಕರಪತ್ರ ಓದಿ ಹೇಳಿದಾಗ, “ಹೆಕ್ಟೇರ್ ಲೆಕ್ಕ ಯಾರ್ಗ್ ಗೊತ್ತವ್ವ? ಒಂದ್ ಕ್ಯಾನ್‌ಗೆ ಎಷ್ಟು ಅಂತ ಹೇಳು” ಅಂದರು. ಬೆನ್ನಿಗೆ ಹಾಕಿಕೊಂಡು ಹೊಡೆಯುವ ಕ್ಯಾನೇ ಅವರ ಅಳತೆ, ಎಕರೆ–ಗುಂಟೆಯೇ ಅವರ ಲೆಕ್ಕ. ಒಂದು ಹೆಕ್ಟೇರ್ ಅಂದರೆ ಸುಮಾರು ಎರಡೂವರೆ ಎಕರೆ ಅಂತ ನಾನೇ ಭಾಗಿಸಿ ಬರೆದುಬಿಡಬಹುದು. ವಿಷದ ವಿಷಯದಲ್ಲಿ ಹಾಗೆ ಮಾಡಬಾರದು. ಕ್ಯಾನ್ ಲೆಕ್ಕದ ಪ್ರಮಾಣವನ್ನು ಕೃಷಿ ತಜ್ಞರಿಂದಲೇ ಬರೆಸಿಕೊಂಡು ಹಾಕಿದೆ. ಆಮೇಲೆ ಎಲ್ಲ ಕರಪತ್ರಗಳಿಗೂ ಅದನ್ನೇ ಕೇಳುತ್ತೇನೆ.

ಈಗ ಕರಪತ್ರಕ್ಕಿಂತ ಫೋನಿಗೆ ಕಳಿಸುವ ಧ್ವನಿ ಸಂದೇಶಗಳು ಜಾಸ್ತಿ ಬರುತ್ತಿವೆ. ನಾನು ಬರೆದದ್ದನ್ನು ಕಂಪ್ಯೂಟರ್ ದನಿ ಓದುತ್ತದೆ. ಹಾಗಾಗಿ ಬರೆಯುವ ರೀತಿಯೇ ಬೇರೆ. ‘ಮಿ.ಲೀ.’ ಅಂತ ಬರೆದರೆ ಆ ದನಿ ಎಡವುತ್ತದೆ, ಅಳತೆಯನ್ನು ಪೂರ್ತಿ ಅಕ್ಷರದಲ್ಲಿ ಬರೆಯಬೇಕು. ಉಸಿರು ಎಲ್ಲಿ ನಿಲ್ಲಬೇಕೋ ಅಲ್ಲಿ ವಾಕ್ಯ ಮುಗಿಸಬೇಕು. ಮುಖ್ಯವಾದ ಎಚ್ಚರಿಕೆಯನ್ನು ಮೊದಲೇ ಹೇಳಿ, ಕೊನೆಗೆ ಇನ್ನೊಮ್ಮೆ ಹೇಳಬೇಕು. ಸದ್ಯ ಕೂಳೆ ಕಬ್ಬಿನ (ಕಡಿದ ಮೇಲೆ ಬುಡದಿಂದ ಮತ್ತೆ ಚಿಗುರುವ ಬೆಳೆ) ಬಗ್ಗೆ ಇಂಥದೊಂದು ಸರಣಿ ಮಾಡುತ್ತಿದ್ದೇನೆ. ಮೊದಲ ಕಂತು ಚಿಕ್ಕಪ್ಪನ ಫೋನಿನಲ್ಲಿ ಕೇಳಿಸಿ ಒಪ್ಪಿಸಿ ಆಯಿತು. ಎರಡನೆಯದು ಗೊಬ್ಬರದ ಬಗ್ಗೆ. ಕಬ್ಬು ಕಡಿದ ಮೇಲೆ ಎಷ್ಟು ದಿನಕ್ಕೆ ಹಾಕಬೇಕು, ಸಾಲಿನ ಯಾವ ಬದಿಗೆ ಹಾಕಬೇಕು ಅಂತ ತಜ್ಞರಿಗೆ ಬರೆದು ಕೇಳಿದ್ದೇನೆ. ಉತ್ತರ ಬಂದ ಮೇಲೆ ಬರೆಯಲು ಕೂರುತ್ತೇನೆ.