ಪೊಳ್ಳಿಲೂರಿಗೆ ಏಳರ ರಿಫ್: ನನ್ನ ಅನುಭವ

ಭಾಮಿನಿ ಷಟ್ಪದಿಯಲ್ಲಿ, ಅಂದರೆ ಕುಮಾರವ್ಯಾಸ ಬಳಸಿದ ಆ ಆರು ಸಾಲಿನ ಛಂದಸ್ಸಿನಲ್ಲಿ, ಮೆಟಲ್ ಹಾಡು ಸಾಧ್ಯವೇ ಇಲ್ಲ ಅಂತ ನಮ್ಮ ಡ್ರಮ್ಮರ್ ಕೂಡ ಹೇಳಿದ್ದ. ಈಗ ಅವನೇ ಅದನ್ನು ಗಿಗ್‌ಗಳಲ್ಲಿ ಕೊನೆಗೆ ಇಟ್ಟುಕೊಳ್ಳೋಣ ಅನ್ನುತ್ತಾನೆ. ಹೇಗಾಯಿತು ಅಂತ ಕೇಳುವವರಿಗೆ ಬರೆಯುತ್ತಿದ್ದೇನೆ.

ವಿಷಯ 1780ರ ಪೊಳ್ಳಿಲೂರು ಯುದ್ಧ. ಕಾಂಚೀಪುರದ ಹತ್ತಿರ ಹೈದರ್ ಮತ್ತು ಟಿಪ್ಪು ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ಬೆಯ್ಲಿಯ ಪಡೆಯನ್ನು ಮುರಿದದ್ದು. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯಲ್ಲಿ ಆ ಚಿತ್ರ ನೋಡಿರುತ್ತೀರಿ. ಚೌಕಟ್ಟಾಗಿ ನಿಂತ ಕೆಂಪು ಕೋಟಿನವರು, ನಡುವೆ ಪಲ್ಲಕ್ಕಿಯಲ್ಲಿ ಬೆಯ್ಲಿ, ಸಿಡಿಯುತ್ತಿರುವ ಮದ್ದಿನ ಬಂಡಿ. ನನಗೆ ಬೇಕಿದ್ದದ್ದು ಆ ಬಂಡಿ.

ಮೊದಲು ಐರನ್ ಮೇಡನ್ ಬ್ಯಾಂಡ್ ಥರದ ಗ್ಯಾಲಪ್, ಅಂದರೆ ಕುದುರೆ ಓಟದ ಲಯ, ಹಾಕಿದೆವು, ನಾಲ್ಕು ಎಣಿಕೆಯ 4/4, ವೇಗ ನಿಮಿಷಕ್ಕೆ 190 ಬೀಟ್‌ನ ಆಸುಪಾಸು. ಕನ್ನಡದ ಮಾತು ಒಂದೂ ಕೇಳಿಸಲಿಲ್ಲ. ಸ್ಟುಡಿಯೋ ಬಾಡಿಗೆಗೇ ಆರೇಳು ಸಾವಿರ ಹೋಯಿತು, ಒಂದು ಟೇಕೂ ಉಳಿಯಲಿಲ್ಲ. ಆಮೇಲೆ ಗಮಕಿಗಳು ಕುಮಾರವ್ಯಾಸನ ಯುದ್ಧದ ಪದ್ಯ ಓದುವುದನ್ನು ಕೂತು ಕೇಳಿದೆ. ಮೂರು ನಾಲ್ಕು, ಮೂರು ನಾಲ್ಕು. ಕೂಡಿದರೆ ಏಳು ಮಾತ್ರೆ, ನೇರ 7/8 ತಾಳ, ಅಲ್ವಾ? ಒಂದು ಮಾತ್ರೆಯ ಲಘುವಿಗೆ ಪಾಮ್ ಮ್ಯೂಟ್ (ಅಂಗೈಯಿಂದ ತಂತಿ ಅದುಮಿ ನುಡಿಸುವುದು), ಎರಡು ಮಾತ್ರೆಯ ಗುರುವಿಗೆ ಬಿಟ್ಟ ಕಾರ್ಡ್. ನಾನು ಬರೆದ ಸಾಲು ನೋಡಿ:

ಬಾಣ ಹಾರಿತು ಮದ್ದು ಸಿಡಿಯಿತು
ಬಂಡಿ ಬಂಡಿಯೆ ಹತ್ತಿ ಉರಿಯಿತು

ಪ್ರಾಸ ಬಿಟ್ಟೆ, ಮಾತ್ರೆ ಬಿಡಲಿಲ್ಲ. ರಿಫ್, ಅಂದರೆ ಮತ್ತೆ ಮತ್ತೆ ಬರುವ ಗಿಟಾರ್ ತುಣುಕು, ತಾನಾಗಿ ಬಂತು.

ಏಳಕ್ಕೆ ಯಾರೂ ತಲೆ ಆಡಿಸಲ್ಲ ಅಂತ ಬ್ಯಾಂಡಿನವರು ಅಂದರು. ಕಿಕ್ (ಕಾಲಿನಿಂದ ಹೊಡೆಯುವ ದೊಡ್ಡ ಡ್ರಮ್) ಗಿಟಾರ್ ಜೊತೆ ಏಳರಲ್ಲಿ ಹೋಗಲಿ, ಚೈನಾ ಸಿಂಬಲ್ ಮಾತ್ರ ಎರಡು ಮಾತ್ರೆಗೊಂದರಂತೆ ಸುಮ್ನೆ ಹೊಡೀತಾ ಇರಲಿ ಅಂದೆ. ಎರಡು ಬಾರ್, ಅಂದರೆ ಎರಡು ಸಲ ಏಳು, ಮುಗಿದಾಗ ಎರಡೂ ಬಂದು ಕೂಡುತ್ತವೆ. ಜನ ಸಿಂಬಲ್ ಹಿಡಿದು ತಲೆ ಆಡಿಸುತ್ತಾರೆ. ವೇಗ 150ಕ್ಕೆ ಇಳಿಸಿದೆವು. ಅದಕ್ಕಿಂತ ಜಾಸ್ತಿ ಆದರೆ ಗ್ರೌಲ್‌ನಲ್ಲಿ, ಅಂದರೆ ಗುರುಗುಟ್ಟುವ ಮೆಟಲ್ ದನಿಯಲ್ಲಿ, ಒತ್ತಕ್ಷರ ಸತ್ತುಹೋಗುತ್ತದೆ.

ನನಗೆ ತುಂಬಾ ಹೆಮ್ಮೆ ಇರುವುದು ಮೂರನೇ ಮತ್ತು ಆರನೇ ಸಾಲಿನ ಬಗ್ಗೆ. ಅಲ್ಲಿ ಮೂರು ಸಲ ಏಳು ಮುಗಿದ ಮೇಲೆ ಒಂದು ಗುರು ಉಳಿಯುತ್ತದೆ. ಏಳು ತುಂಬೋಕೆ ಇನ್ನೂ ಐದು ಮಾತ್ರೆ ಖಾಲಿ. ಈ ವೇಗದಲ್ಲಿ, ಎರಡು ಮಾತ್ರೆಗೆ ಒಂದು ಬೀಟ್ ಲೆಕ್ಕದಲ್ಲಿ, ಅದು ಒಂದು ಸೆಕೆಂಡ್. ಆ ಸೆಕೆಂಡಿನಲ್ಲಿ ಎಲ್ಲರೂ ನಿಲ್ಲುತ್ತೇವೆ, ಹೈದರ್-ಟಿಪ್ಪು ಪಡೆಯ ಬಾಣ, ಅಂದರೆ ಮೈಸೂರು ರಾಕೆಟ್‌ನ ಶಬ್ದ ಒಂದೇ ಹೋಗುತ್ತದೆ.

ರಾಕೆಟ್ ಶಬ್ದಕ್ಕೆ ಸುಮಾರು ಒದ್ದಾಡಿದೆ. ದೀಪಾವಳಿ ರಾಕೆಟ್ ರೆಕಾರ್ಡ್ ಮಾಡಿದರೆ ಪಟಾಕಿ ಥರಾನೇ ಕೇಳುತ್ತದೆ. ಅದು ಕಾಗದದ ಕೊಳವೆ. ಟಿಪ್ಪುವಿನದು ಕಬ್ಬಿಣದ್ದು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯಲ್ಲಿ ಸಾವಿರಕ್ಕೂ ಹೆಚ್ಚು ಸಿಕ್ಕವಲ್ಲ, ಅವೇ. ಗುಜರಿಯಿಂದ ಗೇಣುದ್ದದ ಪೈಪ್ ತಂದೆ, ಒಳಗೆ ಮೈಕ್ ಇಟ್ಟೆ. ಆ ಪೈಪಿನಲ್ಲಿ ಏನು ಹಾಯಿಸಿದೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಡೊಳ್ಳನ್ನೂ ಸೇರಿಸಿ ನೋಡಿದೆ. ಕಲಾವಿದರಿಗೆ ಮೂರು ಸಾವಿರದಷ್ಟು ಕೊಟ್ಟೆ. ಕಿಕ್ ಮತ್ತು ಡೊಳ್ಳು ತಳದಲ್ಲಿ ಗುದ್ದಾಡಿದವು. ಡೊಳ್ಳಿನ ತಳ ಕತ್ತರಿಸಿದರೆ ಅದು ಡೊಳ್ಳೇ ಅಲ್ಲ. ಕೊನೆಗೆ ಗಿಟಾರ್ ಶುರುವಾಗುವ ಮುಂಚೆ ಬರೀ ಡೊಳ್ಳು ಇಟ್ಟೆ. ಮಿಕ್ಸಿಂಗ್ ಮನೆಯಲ್ಲೇ ಮಾಡಿದ್ದರಿಂದ ಒಟ್ಟು ಖರ್ಚು ಇಪ್ಪತ್ತು ಸಾವಿರದ ಒಳಗೆ ನಿಂತಿತು.